ಬಾವಿಯಲ್ಲಿ ಯಾರೋ ಕೇಳುತ್ತಾ ಕೂತಿದ್ದರು

ಇದು ನನ್ನ ಭಾವನಿಗೆ ಆದದ್ದು. ಭಾವ ಅಂದರೆ ಸ್ವಂತ ಅಕ್ಕನ ಗಂಡ. ಬಾಯಿಂದ ಬಾಯಿಗೆ ಬಂದ ಸುದ್ದಿಯಲ್ಲ. ಅಕ್ಕ ಕೂಡ ಅಲ್ಲೇ ಇದ್ದಳು. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಆ ರಾತ್ರಿ ಭಾವ ಕೆಲಸ ಮುಗಿಸಿ ನಡೆದು ಬರುತ್ತಿದ್ದರು. ಮನೆಗೆ ಬರುವ ದಾರಿಯಲ್ಲಿ ಒಂದು ಹಾಳು ಬಾವಿ. ನೀರು ಬತ್ತಿ ಎಷ್ಟೋ ವರ್ಷವಾಗಿತ್ತು. ಕಲ್ಲಿನ ಕಟ್ಟೆ, ತುಕ್ಕು ಹಿಡಿದ ರಾಟೆ, ಅಷ್ಟೆ. ಕಟ್ಟೆಯ ಹತ್ತಿರ ಭಾವ ನಿಂತರು. ಒಳಗಿಂದ ಸದ್ದು ಬರುತ್ತಿತ್ತು... ಗುಂಯ್... ಸಣ್ಣಗೆ, ಒಂದೇ ಸಮನೆ. ಆಗಾಗ ನಡುವೆ ಒಂದು ಚಿಟ್.

ಬೇರೆಯವರಾಗಿದ್ದರೆ ಯಾವುದೋ ಹುಳ ಅಂದುಕೊಂಡು ಹೋಗಿಬಿಡುತ್ತಿದ್ದರು. ಭಾವನಿಗೆ ಹಾಗಾಗಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಅವರ ಕೆಲಸ ಏನು ಅಂತ ಹೇಳಬೇಕು.

ಊರಾಚೆ ಗುಡ್ಡದ ಮೇಲೆ ಒಂದು ದೊಡ್ಡ ಆಂಟೆನಾ ಇತ್ತು, ಆಕಾಶಕ್ಕೆ ಬಾಯಿ ತೆರೆದ ಬಾಣಲೆಯ ಹಾಗೆ. ನಕ್ಷತ್ರಗಳ ಕಡೆ ಬುದ್ಧಿ ಇರುವ ಜೀವಿಗಳು ಯಾರಾದರೂ ಇದ್ದು, ಅವರು ಏನಾದರೂ ಹೇಳಿದರೆ ನಮಗೆ ಕೇಳಿಸಲಿ ಅಂತ ಕಟ್ಟಿದ್ದು. ಭಾವ ಆ ಕೇಂದ್ರದಲ್ಲಿ ಆಪರೇಟರ್. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಪಾಳಿಯಲ್ಲಿ ರಿಸೀವರ್ ಯಂತ್ರದ ಮುಂದೆ ಕೂರುವುದು. ಮದುವೆಗೆ ಮುಂಚೆ ಸೇರಿದವರು, ತಲೆ ಬೆಳ್ಳಗಾಗುವವರೆಗೂ ಕೂತರು. ಒಂದು ಸಲವೂ ಏನೂ ಕೇಳಿಸಲಿಲ್ಲ.

"ಹೆಂಡತಿ ಕರೆದದ್ದೇ ಕೇಳಿಸಲ್ಲ, ನಕ್ಷತ್ರ ಕರೆದರೆ ಕೇಳಿಸುತ್ತಾ ನಿಮಗೆ?" ಅಂತ ಅಕ್ಕ ರೇಗಿಸುತ್ತಿದ್ದಳು.

"ನಿನ್ನಷ್ಟು ಸಲ ಕರೆದಿದ್ದರೆ ಕೇಳಿಸಿರೋದು ಕಣೇ," ಅನ್ನುತ್ತಿದ್ದರು ಭಾವ.

ಆಮೇಲೆ ಕೇಂದ್ರವನ್ನೇ ಮುಚ್ಚಬೇಕು ಅಂತ ಆದೇಶ ಬಂತು. ಇಷ್ಟು ವರ್ಷ ಏನೂ ಸಿಗದಿದ್ದ ಮೇಲೆ ಯಾರು ತಾನೇ ನಡೆಸುತ್ತಾರೆ? ಅದರಲ್ಲಿ ಯಾರ ತಪ್ಪೂ ಇಲ್ಲ. ಭಾವನಿಗೆ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ, ಪಿಂಚಣಿ ಬರುವುದಿತ್ತು. ಅವರಿಗೆ ಬೇಕಾಗಿದ್ದದ್ದು ಒಂದೇ. ಮುಚ್ಚುವುದರೊಳಗೆ ಒಂದೇ ಒಂದು ಸಲ, ಆ ಕಡೆಯಿಂದ ಯಾರಾದರೂ ಇದ್ದೀವಿ ಅಂದುಬಿಡಲಿ. ಇಲ್ಲದಿದ್ದರೆ ಜೀವಮಾನವೆಲ್ಲ ಗೋಡೆಯ ಮುಂದೆ ಕೂತ ಹಾಗೆ.

ನಾನು ಹೇಳುತ್ತಿರುವುದು ಮುಚ್ಚಿದ ರಾತ್ರಿಯದ್ದೇ. ಭಾವ ಎಲ್ಲವನ್ನೂ ತಾವೇ ಆರಿಸಿದ್ದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು, ಟಕ್. ರಿಸೀವರ್ ಆರಿಸಿದರು, ಅದರ ಗುಂಯ್ ಇಳಿಯುತ್ತಾ ಇಳಿಯುತ್ತಾ ನಿಂತಿತು. ಕುರ್ಚಿ ಹಿಂದಕ್ಕೆ ತಳ್ಳಿದರು, ಕರ್ರ್. ಮೇನ್ ಸ್ವಿಚ್ ಕೆಳಗೆಳೆದರು, ಧಡ್. ಬಾಗಿಲು. ಬೀಗ. ಇದನ್ನೆಲ್ಲ ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಮುಂದೆ ಬೇಕಾಗುತ್ತದೆ.

ಬಾವಿಯೊಳಗೆ ಕೇಳಿಸಿದ್ದು ಆ ರಿಸೀವರ್ ಸದ್ದೇ. ಯಾವ ಸುದ್ದಿಯೂ ಬಾರದೆ, ಸುಮ್ಮನೆ ಕಾಯುತ್ತಿರುವಾಗ ಅದು ಮಾಡುವ ಸದ್ದು.

ಹೊತ್ತಾಯಿತು ಅಂತ ಅಕ್ಕ ಟಾರ್ಚ್ ಹಿಡಿದು ಹುಡುಕಿಕೊಂಡು ಬಂದಳು. ಭಾವ ಕಟ್ಟೆಗೆ ಹೊಟ್ಟೆ ಕೊಟ್ಟು ಒಳಕ್ಕೆ ಬಗ್ಗಿದ್ದರು. ಕೇಂದ್ರ ಮುಚ್ಚಿದ ದಿನ ಬೇರೆ... ಅವಳಿಗೆ ಏನು ಅನ್ನಿಸಿರಬಹುದು ಅಂತ ನಿಮಗೇ ಗೊತ್ತಾಗುತ್ತದೆ.

"ರೀ... ಏನ್ ಮಾಡ್ತಿದೀರಿ? ಈಚೆ ಬನ್ನಿ."

"ಶ್... ಕೇಳು."

ಅಕ್ಕನಿಗೂ ಕೇಳಿಸಿತು. ಒಳಗೆ ಟಾರ್ಚ್ ಬೆಳಕು ಬಿಟ್ಟಳು. ತಳದಲ್ಲಿ ಒಣಗಿದ ಎಲೆ, ಒಂದು ಒಡೆದ ಕೊಡ. ತಂತಿ ಇಲ್ಲ, ಯಂತ್ರ ಇಲ್ಲ.

"ದೆವ್ವ ಇರಬೇಕು... ನಡೀರಿ."

"ದೆವ್ವ ಅಲ್ಲ ಕಣೇ. ಯಾರೋ ಕೇಳ್ತಾ ಕೂತಿದಾರೆ. ನನ್ನ ಹಾಗೇ."

"ಬಾವಿಯೊಳಗಾ?"

"ಎಲ್ಲೋ... ತುಂಬಾ ದೂರ. ನಮಗೆ ಇಲ್ಲಿ ಕೇಳಿಸ್ತಿದೆ, ಅಷ್ಟೇ."

ಭಾವ ಒಳಗೆ ಮುಖ ಮಾಡಿ "ಇದೀವಿ..." ಅಂದರು. ಮೊದಲು ಮೆಲ್ಲಗೆ. ಆಮೇಲೆ ಗಂಟಲು ಹರಿಯುವ ಹಾಗೆ. ಕಲ್ಲು ತೆಗೆದುಕೊಂಡು ರಾಟೆಗೆ ಬಡಿದರು, ಠಣ್, ಠಣ್. ಒಳಗೆ ಗುಂಯ್ ಹಾಗೇ ಇತ್ತು. ಏನಾದರೂ ಸಿಕ್ಕಿದರೆ ರಿಸೀವರ್ ಸದ್ದು ಬದಲಾಗಬೇಕು. ಬದಲಾಗಲಿಲ್ಲ ಅಂದರೆ ಆ ಕಡೆಯವರಿಗೆ ಏನೂ ಮುಟ್ಟಿಲ್ಲ ಅಂತ ಅರ್ಥ. ಭಾವನೇ ನನಗೆ ವಿವರಿಸಿದ್ದು.

"ದೆವ್ವ ಆಗಿದ್ದರೆ ಚೆನ್ನಾಗಿತ್ತು," ಅಂತ ಭಾವ ಪಿಸುಗುಟ್ಟಿದರು. "ಅದಕ್ಕಾದರೂ ನಮ್ಮ ಮಾತು ಕೇಳಿಸಿರೋದು."

ಅಕ್ಕನೂ ಒಂದು ಕಲ್ಲು ಹೆಕ್ಕಿಕೊಂಡಳು. ನಂಬಿಕೆ ಬಂದು ಅಲ್ಲ, ಗಂಡನ ಮುಖ ನೋಡಲಾರದೆ. ಇಬ್ಬರೂ ಬಡಿದರು. ಠಣ್. ಠಣ್. ಠಣ್.

ಆಗ ಒಳಗೆ... ಟಕ್.

ಭಾವನ ಕೈ ನಿಂತಿತು.

ಗುಂಯ್ ಇಳಿಯುತ್ತಾ ಬಂತು. ಇಳಿಯುತ್ತಾ... ಇಳಿಯುತ್ತಾ...

"ಬೇಡ," ಅಂದರು ಭಾವ. "ಇನ್ನೊಂದು ಸ್ವಲ್ಪ ಹೊತ್ತು. ಇದೀವಿ, ಇಲ್ಲೇ ಇದೀವಿ..."

ಕರ್ರ್.

"ಏನ್ ರೀ ಅದು?" ಅಕ್ಕ ಭಾವನ ತೋಳು ಹಿಡಿದುಕೊಂಡಳು.

"ಅವರೂ ಮುಚ್ಚುತ್ತಿದಾರೆ ಕಣೇ."

ಧಡ್. ಆಮೇಲೆ ಬಾಗಿಲು ಎಳೆದ ಸದ್ದು. ಬೀಗದ ಸದ್ದು. ಕೊನೆಗೆ ಬಾವಿ ಬರೀ ಬಾವಿಯಾಯಿತು, ಕಲ್ಲಿನ ಹಾಗೆ ಮೌನ. ಭಾವ ಕಟ್ಟೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಅಕ್ಕ ಪಕ್ಕದಲ್ಲಿ ಕೂತು ಅವರ ಕೈಯಿಂದ ಕಲ್ಲು ಬಿಡಿಸಿಕೊಂಡಳು.

ನೀವು ಏನು ಹೇಳುತ್ತೀರಿ ಅಂತ ಗೊತ್ತು. ಗುಡ್ಡದ ಮೇಲಿನ ಸದ್ದೇ ಬಾವಿಯಲ್ಲಿ ಮರುದನಿಯಾಗಿದೆ ಅನ್ನುತ್ತೀರಿ. ನಾನೂ ಹಾಗೇ ಅಂದೆ. ಆದರೆ ಭಾವ ಕೇಂದ್ರಕ್ಕೆ ಬೀಗ ಹಾಕಿ ಅಷ್ಟು ದೂರ ನಡೆದು ಬಂದಾಗಿತ್ತು. ಬೀಗದ ಕೈ ಅವರ ಜೇಬಿನಲ್ಲೇ ಇತ್ತು, ಮೇಲೆ ಇನ್ನೊಬ್ಬರು ಇರಲಿಲ್ಲ. ಕಿವಿಯ ಭ್ರಮೆ ಅನ್ನೋಣ ಅಂದರೆ ಅಕ್ಕನಿಗೂ ಕೇಳಿಸಿದೆ. ಭ್ರಮೆ ಇಬ್ಬರಿಗೂ ಒಂದೇ ಥರ ಹೇಗೆ ಬರುತ್ತದೆ?

ಇದು ನಡೆದದ್ದು ನಿಜ. ಕೊನೆಯದೊಂದನ್ನು ಭಾವ ಯಾರಿಗೂ ಹೇಳುವುದಿಲ್ಲ. ಅಕ್ಕ ಮಾತ್ರ, ಕೇಳಿದರೆ, ಊಟದ ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸುತ್ತಾಳೆ. ಬೀಗದ ಸದ್ದಾದ ಮೇಲೆ, ಬಾವಿ ಮೌನವಾಗುವ ಮುಂಚೆ, ಆ ಕಡೆಯವರು ನಡೆದು ಹೋದದ್ದು ಕೇಳಿಸಿತಂತೆ. ಧಪ್, ಧಪ್, ಧಪ್... ಸ್ವಲ್ಪ ಬಿಟ್ಟು ಮತ್ತೆ ಧಪ್, ಧಪ್, ಧಪ್... ಪ್ರತಿ ಸಲವೂ ಮೂರು. ಮೂರನೆಯ ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದರಂತೆ, ಕೂತು ಕೂತು ಕಾಲು ಜೋಮು ಹಿಡಿದವರ ಹಾಗೆ.