ಮಗು ಕೂತಿದೆ

ಇಲ್ಲ ಮರಿ, ರಸ್ತೆ ಕೆಟ್ಟಿದೆ ಅಂತ ಹೇಳ್ತಿದ್ದೀನಿ, ಅಷ್ಟೇ. ನಿನ್ನ ನರ್ಸಮ್ಮನ ಬಗ್ಗೆ ನಾನೊಂದು ಮಾತಾಡಿದ್ನಾ? ಅವರ ಪುಟ್ಟ ಆಸ್ಪತ್ರೆ ದಾರೀನ ಪೈಪ್ ಹಾಕ್ತೀವಿ ಅಂತ ಅಗೆದು ಬಿಟ್ಟಿದ್ದಾರೆ. ನೋವು ಶುರುವಾದಾಗ ಆ ಗುಂಡಿಗಳ ಮೇಲೆ ಮಗಳನ್ನ ಹೆಂಗೆ ಕರ್ಕೊಂಡು ಹೋಗ್ಲಿ? ದೊಡ್ಡಾಸ್ಪತ್ರೆಗಾದ್ರೆ ನೇರ ರಸ್ತೆ. ಬಸ್ ಓಡಿಸೋ ಅಪ್ಪ ಹೇಳ್ತಿದ್ದೀನಿ, ಸ್ವಲ್ಪ ಕೇಳು.

ಯಾಕೆ ನಗ್ತೀಯ?... ಹೌದು, ಮೊನ್ನೆ ಅದೇ ಗುಂಡಿ ಮೇಲೆ ಆಟೋದಲ್ಲಿ ಹೋಗಿ ಬಂದ್ವಿ. ಒಪ್ಕೊಂಡೆ.

ಆ ಬಟ್ಟೆ ಇಲ್ಲಿ ಕೊಡು, ನಾನು ಮಡಚಿ ಆಸ್ಪತ್ರೆ ಚೀಲಕ್ಕೆ ಹಾಕ್ತೀನಿ. ನೀನು ಕಾಲು ಚಾಚ್ಕೋ... ದೊಡ್ಡಾಸ್ಪತ್ರೇಲಿ ಲಿಫ್ಟ್ ಇದೆ. ಮಂಚ ಅಗಲ. ಕ್ಯಾಂಟೀನು... ಸರಿ ಸರಿ, ಕ್ಯಾಂಟೀನು ನನಗೆ.

ಗೊತ್ತು, ನನಗೂ ನೆನಪಿದೆ. ಮೊದಲ ಸಲ ತೋರಿಸೋಕೆ ಅಲ್ಲಿಗೇ ಹೋಗಿದ್ವಲ್ಲ. ನಿನ್ನ ಮುಖಾನೂ ನೋಡದೆ "ಮಲ್ಕೋ, ಏಳು, ಮುಂದಿನವರು" ಅಂದ್ರು. ನೀನಿನ್ನೂ ಚಪ್ಪಲಿ ಹುಡುಕ್ತಿದ್ದೆ, ಅಷ್ಟರಲ್ಲಿ ಇನ್ನೊಬ್ಬಳು ಮಲಗಿದ್ಲು. ಇನ್ನು ಇಲ್ಲಿಗೆ ಕಾಲಿಡಲ್ಲ ಅಂದೆ ನೀನು. ನರ್ಸಮ್ಮ ಹಂಗಲ್ಲ. ಹೊಟ್ಟೆ ಮುಟ್ಟೋ ಮುಂಚೆ ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡ್ಕೊಳ್ತಾರೆ. ನಿದ್ದೆ ಬಂತಾ, ಕಾಲು ಊದಿದೆಯಾ, ಬೇರೆ ಊರಲ್ಲಿರೋ ಗಂಡ ಫೋನ್ ಮಾಡಿದ್ನಾ... ಅದನ್ನೂ ಕೇಳ್ತಾರೆ. ಹೆತ್ರೆ ಅವರ ಕೈಲೇ ಹೆರಬೇಕು ಅಂತ ನಿನಗನ್ನಿಸೋದರಲ್ಲಿ ತಪ್ಪೇನಿಲ್ಲ. ನನಗೇ ಅನ್ಸುತ್ತೆ... ಥೂ, ಏನು ಮಾತಾಡ್ತಿದ್ದೀನಿ ನಾನು.

ನಗು, ನಗು.

ಆದ್ರೂ... ದೊಡ್ಡಾಸ್ಪತ್ರೇಲಿ ಆಪರೇಷನ್ ಕೋಣೆ ಇದೆ. ಸುಮ್ನೆ ಅಂದೆ. ಬಸ್ಸಲ್ಲಿ ಸ್ಟೆಪ್ನಿ ಇಟ್ಕೊಂಡಿರಲ್ವಾ, ಹಂಗೆ. ಬಳಸ್ಲೇಬೇಕು ಅಂತೇನಿಲ್ಲ.

ಏನು? ಎಲ್ಲಾ ಚೆನ್ನಾಗಿದ್ರೆ ಅದ್ಯಾಕೆ ಅಂತೀಯಾ... ಚೆನ್ನಾಗೇ ಇದೆ. ಮೊನ್ನೆನೇ ಹೇಳಿದ್ನಲ್ಲ, ಮಗು ಕೂತಿದೆಯಂತೆ ಅಂತ. ಡಿಪೋಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಹೇಳ್ತಾ ಹೇಳ್ತಾ ನನಗೇ ಎಲ್ಲಾ ಸರಿ ಇದೆ ಅನ್ಸೋಕೆ...

ಹಂಗ್ಯಾಕೆ ನೋಡ್ತೀಯ? ಸುಳ್ಳಲ್ಲ. ನರ್ಸಮ್ಮ ಅಂದಿದ್ದೇ ಆ ಮಾತು. ನೀನು ಪರದೆ ಹಿಂದೆ ಬಟ್ಟೆ ಸರಿ ಮಾಡ್ಕೊಳ್ತಿದ್ದೆ. "ಅಣ್ಣ, ಮಗು ಕೂತಿದೆ" ಅಂದ್ರು. ನಮ್ಮ ಕೆಲಸದಲ್ಲಿ ಪ್ಯಾಸೆಂಜರ್ ಕೂತ್ರು ಅಂದ್ರೆ ಏನು? ಸೀಟು ಸಿಕ್ತು, ಇನ್ನು ತಂಟೆ ಇಲ್ಲ, ರೈಟ್ ರೈಟ್. ಒಳ್ಳೇದಾಯ್ತಮ್ಮ ಅಂದೆ. ಅವರು ನನ್ನನ್ನೇ ನೋಡಿದ್ರು. ಆಮೇಲೆ...

ಆಮೇಲೆ ಏನಿಲ್ಲ. ಈ ಟವಲ್ಲು ಚೀಲದ ಮೇಲ್ಗಡೆ ಇಡ್ಲಾ, ಕೆಳಗಡೆನಾ?

ಮರಿ, ಟವಲ್ಲು ಯಾಕೆ ಕಿತ್ಕೊಂಡೆ?

ಸರಿ. ಮಗು ಕೂರಬಾರದಂತೆ. ಇಷ್ಟೊತ್ತಿಗೆ ತಲೆ ಕೆಳಗೆ ಬಂದಿರಬೇಕಂತೆ. ನಿನ್ನದು ತಲೆ ಮೇಲೆ ಮಾಡ್ಕೊಂಡು ಕೂತಿದೆ. ತಿರುಗಿದ್ರೂ ತಿರುಗೀತು. ತಿರುಗದಿದ್ರೆ ನನ್ನ ಹತ್ರ ಬೇಡ, ದೊಡ್ಡಾಸ್ಪತ್ರೆಗೇ ಕರ್ಕೊಂಡು ಹೋಗಿ ಅಂದ್ರು. ಅವಳನ್ನ ಕರೀರಿ, ನಾನೇ ಬಿಡಿಸಿ ಹೇಳ್ತೀನಿ ಅಂತಾನೂ ಅಂದ್ರು. ಬೇಡ ಅಂದವನು ನಾನು. ಹೆದರ್ತಾಳೆ, ಮನೇಲಿ ನಿಧಾನಕ್ಕೆ ಹೇಳ್ತೀನಿ ಅಂದೆ. ನಿಮ್ಮಮ್ಮಂಗೂ ಹೇಳಿಲ್ಲ.

ಪಕ್ಕೆ ಹತ್ರ ಯಾಕೆ ಕೈ ಇಟ್ಕೊಂಡೆ? ನೋಯ್ತಿದೆಯಾ?

ಓ.

ಅವತ್ತು ಸಂಜೆ ನೀನು ಅಲ್ಲೇ ಕೈ ಇಟ್ಟು ಕೇಳಿದ್ದೆ. ಇಲ್ಲೇನೋ ಗುಂಡಗೆ, ಗಟ್ಟಿಯಾಗಿದೆ, ಏನಪ್ಪ ಇದು ಅಂತ. ಗ್ಯಾಸು ಅಂದೆ ನಾನು. ಬಿಸಿನೀರು ಬೇರೆ ತಂದುಕೊಟ್ಟೆ. ನರ್ಸಮ್ಮನ ಮಾತು ಇನ್ನೂ ಕಿವೀಲಿತ್ತು... ಅದು ಮಗು ತಲೆ ಅಂತ ಗೊತ್ತಿದ್ದೇ ಅಂದೆ, ಮರಿ.

ಎಲ್ಲಿಗೆ ಎದ್ದೆ? ನಿಧಾನ. ನರ್ಸಮ್ಮನ ಹತ್ರಾನಾ?... ಹೋಗೋದೇ ಸರಿ. ದೊಡ್ಡಾಸ್ಪತ್ರೆಗೆ ಹೋಗು ಅಂತ ಅವರು ಅಂದ್ರೆ ಹೋಗ್ತೀಯ. ನಾನಂದ್ರೆ... ನಾನು ಬರೀ ಗುಂಡಿ, ಲಿಫ್ಟು ಅಂತಿದ್ದೆ.

ಇರು, ಆಟೋ ಕರೀತೀನಿ. ನಾನೂ ಬರ್ಲಾ? ಹೊರಗಡೆ ಬೆಂಚಲ್ಲೇ ಇರ್ತೀನಿ, ಒಳಗೆ ಬರಲ್ಲ. ಏನಿದ್ರೂ ಅವರು ನಿನಗೇ ಹೇಳ್ಲಿ.