ಮುತ್ತಕ್ಕನ ಅಂಗೈ

ಮಾನ್ಯ ಅಧ್ಯಕ್ಷರಾದ ಭಾಷ್ಯಂ ಅವರೇ, ಬೇಲೂರಿನಿಂದ ಬಿಡುವು ಮಾಡಿಕೊಂಡು ಬಂದಿರುವ ಅತಿಥಿಗಳೇ, ನಮ್ಮ ಬಸ್ತಿಹಳ್ಳಿ ಅಚ್ಚುಸೀರೆ ಮಹಿಳಾ ಸಂಘದ ಸದಸ್ಯೆಯರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ನನ್ನ ಹಳೆಯ ಶಿಷ್ಯರೇ, ಹಳೇಬೀಡಿನ ಸಮಸ್ತ ಸಭಿಕರೇ,

ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ, ಸನ್ಮಾನ ಪತ್ರ ಓದಿದಿರಿ. ಇದಕ್ಕೆಲ್ಲ ನಾನು ಅರ್ಹಳಲ್ಲ ಎಂದು ಹೇಳುವುದು ಇಂಥ ಸಭೆಗಳ ವಾಡಿಕೆ. ನನ್ನ ಮಟ್ಟಿಗೆ ಅದು ವಾಡಿಕೆಯ ಮಾತಲ್ಲ. ಈ ಸಂಘ ಕಟ್ಟಿದವಳು ನನ್ನ ಅಕ್ಕ ಮುತ್ತಮ್ಮ. ನಾನು, ಆಶಾರಾಣಿ ಟೀಚರ್, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮುಗಿಸಿ ಸಂಜೆ ಬಂದು ಕಾರ್ಯದರ್ಶಿ ಎಂದು ಸಹಿ ಹಾಕುತ್ತಿದ್ದವಳು ಅಷ್ಟೆ. ಅಕ್ಕ ತೀರಿಕೊಂಡು ವರ್ಷವಾಯಿತು. ಈ ಸಭೆ ಮುಗಿದ ಮೇಲೆ ನಾವು ಬಣ್ಣ ಹಾಕುವ ಶೆಡ್ಡಿನ ಕೀಯನ್ನು ಹೊಸ ಕಾರ್ಯದರ್ಶಿ ಶ್ರೀಜಾ ಅವರಿಗೆ ಒಪ್ಪಿಸಬೇಕು. ನಾಳೆ ಅವರು ಅಕ್ಕನ ಬಣ್ಣದ ಒಲೆಯನ್ನು ಒಡೆಸಿ, ಸ್ಕ್ರೀನ್ ಪ್ರಿಂಟಿಂಗಿನ ಟೇಬಲ್ ಹಾಕಿಸುತ್ತಾರೆ. ಯಾಕೆ ಒಡೆಸುತ್ತಾರೆ? ಇಲ್ಲಿರುವ ಹೆಂಗಸರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಮೈಕಿನ ಮುಂದೆ ಹೇಳಲಿಲ್ಲ. ನಾನು ಹೇಳುತ್ತೇನೆ.

ಅತಿಥಿಗಳಿಗಾಗಿ ಮೊದಲು ನಮ್ಮ ಕೆಲಸದ ಕ್ರಮ. ಬಟ್ಟೆಯನ್ನು ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸುತ್ತೇವೆ. ಪಟಿಕವನ್ನು ಹುಣಸೆಬೀಜದ ಗಂಜಿಯಲ್ಲಿ ಕಲಸಿ, ಮರದ ಅಚ್ಚಿಗೆ ಹಚ್ಚಿ, ಬಟ್ಟೆಯ ಮೇಲೆ ಒತ್ತುತ್ತೇವೆ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ ಪಟಿಕ. ಭಾಷ್ಯಂ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಒತ್ತಿದ್ದು ಆಗ ಕಣ್ಣಿಗೆ ಕಾಣುವುದೇ ಇಲ್ಲ. ಆ ಬಟ್ಟೆಯನ್ನು ಮಂಜಿಷ್ಠದ ಬೇರು ಹಾಕಿದ ಹಂಡೆಯಲ್ಲಿ ಕುದಿಸಿದಾಗ ಮಾತ್ರ, ಪಟಿಕ ಎಲ್ಲೆಲ್ಲಿ ತಾಗಿದೆಯೋ ಅಲ್ಲಲ್ಲೇ ಕೆಂಪು ಏಳುತ್ತದೆ. ನಮ್ಮ ದೇವಸ್ಥಾನದ ಗೋಡೆಯ ಹಂಸಗಳ ಸಾಲು ಹೀಗೆ ಸೀರೆಯಂಚಿಗೆ ಬಂದದ್ದು.

ಪಟಿಕ ಹಂಸವನ್ನೂ ನೋಡುವುದಿಲ್ಲ, ಮನುಷ್ಯರನ್ನೂ ನೋಡುವುದಿಲ್ಲ. ಕೈ ಸರಿಯಾಗಿ ತೊಳೆಯದೆ ಬಟ್ಟೆ ಮುಟ್ಟಿದರೆ ನಿಮ್ಮ ಬೆರಳೂ ಕೆಂಪಾಗಿ ಮೇಲೇಳುತ್ತದೆ. ನಮ್ಮ ಕಸುಬಿನಲ್ಲಿ ದೊಡ್ಡ ತಪ್ಪೆಂದರೆ ಅದೇ. ಆ ತಪ್ಪು ಮಾಡುವುದರಲ್ಲಿ ಅಕ್ಕನೇ ಮುಂದು! ಅವಳಿಗೊಂದು ಚಾಳಿ ಇತ್ತು. ಅಚ್ಚು ಒತ್ತಿ ಮುಗಿದ ಸೀರೆಯ ಸೆರಗನ್ನು, ಗಂಡನ ಮನೆಗೆ ಹೊರಟ ಮಗಳ ಬೆನ್ನು ತಟ್ಟಿದ ಹಾಗೆ ಎಡಗೈಯಿಂದ ತಟ್ಟಿ, “ಹೋಗ್ಬಾರವ್ವ, ಒಳ್ಳೆ ಮನೆ ಸೇರ್ಕೋ” ಅನ್ನುತ್ತಿದ್ದಳು. ಒಮ್ಮೊಮ್ಮೆ ಕೈ ತೊಳೆಯಲು ಮರೆತಿರುತ್ತಿದ್ದಳು. ಕುದಿಸಿದ ಮೇಲೆ ನೋಡಿದರೆ ಸೆರಗಿನಲ್ಲಿ ಕೆಂಪು ಅಂಗೈ. ಅವಳ ಎಡಗೈಯ ಕಿರುಬೆರಳು ಚಿಕ್ಕಂದಿನಲ್ಲೇ ಮುರಿದು ಸೊಟ್ಟಗೆ ಕೂತಿತ್ತು, ಹಾಗಾಗಿ ಯಾರ ಕೈ ಎಂದು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಅಂಥ ಸೀರೆ ಅಂಗಡಿಗೆ ಹೋಗುವ ಹಾಗಿಲ್ಲ. ಮನೆಯಲ್ಲಿ ನಾವೇ ಉಟ್ಟು ಸವೆಸುತ್ತಿದ್ದೆವು.

ಅಕ್ಕ ಹೋದ ಮೇಲೆ ಶೆಡ್ಡಿನ ಬಾಗಿಲು ಮತ್ತೆ ತೆಗೆದೆವು. ಮೊದಲ ಹಂಡೆಯಿಂದ ಎತ್ತಿದ ಸೀರೆಯಲ್ಲೇ ಆ ಕೈ ಇತ್ತು. ಹಂಡೆ ಕಲಕುತ್ತಿದ್ದ ಮುನಿಯಮ್ಮ ಕೋಲು ಬಿಸಾಕಿ ಹೊರಗೆ ಓಡಿದಳು. “ಅಕ್ಕಾರು ಬಂದವ್ರೆ ಕಣ್ರೀ ಟೀಚರ್!” ಎಂದಳು. ನಾನು ನಕ್ಕೆ. ನಮ್ಮಪ್ಪ ಕರಿಯಯ್ಯ ಗೋಡೆಗೆ ಬುದ್ಧನ ಫೋಟೋ ಹಾಕಿದ ದಿನವೇ ದೆವ್ವಗಳಿಗೂ ನಮ್ಮ ಮನೆಗೂ ಲೆಕ್ಕ ಚುಕ್ತಾ ಆಗಿತ್ತು. ಅಕ್ಕ ಬದುಕಿದ್ದಾಗ ಮುಟ್ಟಿಟ್ಟ ಬಟ್ಟೆ ಇದು, ಈಗ ಕುದಿಸಿದೆವು, ಈಗ ಕಂಡಿತು ಎಂದು ಬಿಡಿಸಿ ಹೇಳಿದೆ. ಒಪ್ಪಿದರು. ಆ ಹಳೆಯ ಬಟ್ಟೆ ಮುಗಿಯಿತು. ಅರಸೀಕೆರೆಯಿಂದ ಹೊಸ ಬಟ್ಟೆಯ ಥಾನು ತರಿಸಿದೆವು. ಅದರಲ್ಲೂ ಕೈ ಬಂತು. ಹುಚ್ಚಮ್ಮ ಒತ್ತಿದ ಸೀರೆಗೆ ಬಂತು, ರಂಗಮ್ಮನ ಸೀರೆಗೆ ಬಂತು, ಮತ್ತೆ ಮುನಿಯಮ್ಮನ ಸೀರೆಗೇ ಬಂತು. ಇಪ್ಪತ್ತೊಂದನೇ ಶತಮಾನದಲ್ಲಿ ವಿಜ್ಞಾನದ ಟೀಚರ್ ಏನು ಹೇಳಬೇಕು? ಬಾವಿ ನೀರಿನ ದೋಷ ಎಂದೆ. ಬಾವಿ ನೀರಿಗೆ ಸೊಟ್ಟ ಕಿರುಬೆರಳು ಇರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಅದು ಅವರ ದೊಡ್ಡತನ.

ಹೆಂಗಸರು ಕೆಲಸಕ್ಕೆ ಬರಲು ಹೆದರಿದರು. ರೆಡಿಮೇಡ್ ಬಣ್ಣ ತಂದು ಸ್ಕ್ರೀನಿನಲ್ಲಿ ಎಳೆದರೆ ಕುದಿಸುವುದೂ ಬೇಡ, ಏನೂ ಮೇಲೇಳುವುದೂ ಇಲ್ಲ ಎಂದು ಶ್ರೀಜಾ ಸಲಹೆ ಕೊಟ್ಟರು. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ನಾನು ಮಾತ್ರ ತಿಂಗಳುಗಟ್ಟಲೆ ಒಪ್ಪಿರಲಿಲ್ಲ. ಒಲೆ ಒಡೆದರೆ ಅಕ್ಕ ಬರುವುದಾದರೂ ಎಲ್ಲಿಗೆ, ಸ್ವಾಮಿ?

ಕೊನೆಗೆ ಒಪ್ಪಿದ್ದು ಈಗ ಉಟ್ಟಿರುವ ಈ ಸೀರೆಯ ದೆಸೆಯಿಂದ. ಒಂದು ಭಾನುವಾರ ಶೆಡ್ಡಿನ ಬಾಗಿಲು ಹಾಕಿಕೊಂಡು ಇದನ್ನು ನಾನೊಬ್ಬಳೇ ಮಾಡಿದೆ. ಪರೀಕ್ಷೆ ಮಾಡುತ್ತೇನೆ, ವಿಜ್ಞಾನ ಅಲ್ಲವೇ ಎಂದು ಎಲ್ಲರಿಗೂ ಹೇಳಿದೆ. ಪರೀಕ್ಷೆಯೂ ಇಲ್ಲ, ವಿಜ್ಞಾನವೂ ಇಲ್ಲ. ಇವರೆಲ್ಲರ ಸೀರೆಗೆ ಬಂದವಳು ನನ್ನ ಸೀರೆಗೂ ಒಂದು ಸಲ ಬರಲಿ ಅಂತ ಆಸೆ. ಹಂಡೆಯಿಂದ ಎತ್ತಿ ಬಿಸಿಲಿಗೆ ಹರವಿ ಹುಡುಕಿದೆ. ಮಗುಚಿ ಹುಡುಕಿದೆ. ಹಂಸಗಳಿದ್ದವು. ಕೈ ಇರಲಿಲ್ಲ. ಮುನಿಯಮ್ಮನ ಸೀರೆಗೆ ಎರಡು ಸಲ ಬಂದಳು, ಒಡಹುಟ್ಟಿದವಳ ಸೀರೆಗೆ ಬರಲಿಲ್ಲ. ನನಗೆ ಹೊಟ್ಟೆ ಉರಿಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಆ ಸಿಟ್ಟಿನಲ್ಲೇ ಹೋಗಿ ಒಲೆ ಒಡೆಸುವ ನಿರ್ಣಯಕ್ಕೆ ಸಹಿ ಹಾಕಿದೆ. ನಾನು ಬೇಡದವಳಿಗೆ ಒಲೆಯಾದರೂ ಯಾಕೆ ಇರಬೇಕು ಎಂದುಕೊಂಡೆ.

ಇದನ್ನೆಲ್ಲ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಹೋಗಲಿ. ಈಗ ಕೀ ಒಪ್ಪಿಸುವ...

ಕ್ಷಮಿಸಿ. ವೇದಿಕೆಯ ಮೇಲೆ ಕುರ್ಚಿಗಳನ್ನು ಯಾಕೆ ಹಿಂದಕ್ಕೆ ಎಳೆಯುತ್ತಿದ್ದೀರಿ? ಭಾಷ್ಯಂ ಅವರೇ, ಎದ್ದುಬಿಟ್ಟಿರಲ್ಲ. ಶ್ರೀಜಾ, ನನ್ನ ಬೆನ್ನಿನ ಕಡೆ ಯಾಕಮ್ಮ ಹಾಗೆ ಬೆರಳು ತೋರಿಸುತ್ತೀ?

ಕುದಿಸಿ, ತೊಳೆದು, ಒಣಗಿಸಿದ ಬಟ್ಟೆಗೆ ಹೊಸದಾಗಿ ಕೆಂಪು ಏಳುವುದಿಲ್ಲ. ಏಳುವುದಕ್ಕೆ ಸಾಧ್ಯವೇ ಇಲ್ಲ. ಬೆಳಿಗ್ಗೆ ಉಡುವಾಗಲೂ ನಾನು ಉದ್ದಕ್ಕೂ ನೋಡಿಕೊಂಡೇ ಉಟ್ಟಿದ್ದೇನೆ.

ಬೇಡ, ಯಾರೂ ಹೇಳಬೇಡಿ. ನಾನು ತಿರುಗಿ ನೋಡುವುದಿಲ್ಲ. ಭುಜದ ಕೆಳಗೆ ಒದ್ದೆಯಾಗಿದೆ, ಹಂಡೆಯಿಂದ ಈಗ ತೆಗೆದ ಹಾಗೆ ಬಿಸಿಯಾಗಿದೆ. ತಟ್ಟಿ ಹೋಗುವವಳು ಈ ಸಲ ಹೋಗಿಲ್ಲ. ನನಗೆ ಹೆದರಿಕೆಯಾಗುತ್ತಿದೆ, ಸಭಿಕರೇ. ಅದಕ್ಕಿಂತ ಹೆಚ್ಚಾಗಿ ಸಂತೋಷವಾಗುತ್ತಿದೆ. ಅಕ್ಕಾ, ಎಷ್ಟು ಕಾಯಿಸಿದೆಯೇ!

ಶ್ರೀಜಾ, ಕೀ ಇವತ್ತು ಕೊಡುವುದಿಲ್ಲ ಕಣಮ್ಮ. ನಾಳೆಯೂ ಇಲ್ಲ. ಯಾರೂ ಬರದಿದ್ದರೆ ನಾವಿಬ್ಬರೇ ಒಲೆ ಹಚ್ಚುತ್ತೇವೆ.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ, ಇನ್ನೂ ಎದ್ದು ಓಡದೆ ಇರುವುದಕ್ಕೆ, ನಿಮಗೆಲ್ಲ ನನ್ನ ಕೃತಜ್ಞತೆಗಳು. ಎರಡೂ ಕೈ ಜೋಡಿಸಬೇಕೆಂದರೆ ಅಕ್ಕ ನನ್ನ ಎಡಗೈಯನ್ನು ಬಿಡುತ್ತಿಲ್ಲ. ಒಂದೇ ಕೈಯಲ್ಲಿ ಮಾಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮಸ್ಕಾರ.