ಬೆರಳಿಗಿ ಕಟ್ಟಿದ ಅರಿವಿ

...ಸುಳ್ಳು! ಒಂದೇ ಓಟಿಲೆ ಗೆದ್ದಾನಂತ? ಅಮರನಾಥ? ಮಹಾನಂದಾ ಅಕ್ಕಾರ, ನಿಮ್ಮ ಕಿವೀಲೆ ಕೇಳೀರೋ, ಇಲ್ಲಾ ಯಾರೋ ಅಂದಿದ್ದು ತಂದು ಹೇಳಲತ್ತೀರೋ? ಸಾಲ್ಯಾಗ ಎಣಿಸೋ ಮುಂದ ನೀವೇ ಬಾಗಲದಾಗ ನಿಂತಿದ್ರಿ? ಹಾಂ... ನಿಂತೀರಿ ಖರೆ. ಆದ್ರೂ ಸುಳ್ಳು. ಎಣಿಸಿದವರು ಸುಳ್ಳು, ಆ ಡಬ್ಬಿನೇ ಸುಳ್ಳು! ಒಳಗ ಬರ್ರಿ, ಕಂಬಳಿ ಮ್ಯಾಲ ಕೂಡ್ರಿ. ಪೆನ್ನದನ? ಅಂಗನವಾಡಿ ಟೀಚರು ನೀವು, ಪೆನ್ನಿಲ್ಲದ ಹ್ಯಾಂಗ ಇರ್ತೀರಿ. ತೆಗೀರಿ. ಸರಪಂಚ ಓಟು ತಿರುಗಿ ಎಣಿಸ್ರಿ ಅಂತ ಒಂದು ಅರ್ಜಿ ಬರೀರಿ. ನಾ ಹೆಬ್ಬೆಟ್ಟು ಒತ್ತತೀನಿ.

ಯಾಕ ನಗ್ತೀರಿ? ಓಟೇ ಹಾಕದವರಿಗಿ ಎಣಿಕಿ ಉಸಾಬರಿ ಯಾಕ ಅಂತನಾ? ನಗ್ರಿ, ನಗ್ರಿ. ಊರೇ ನಗತದ. ನಮ್ಮವು ಹನ್ನೆರಡು ಕುರುಬರ ಮನಿ. ಮುತ್ಯಾನ ಕಾಲದಾಗ ಓಟಿನ ಜಗಳದಾಗ ಅಣ್ಣ ತಮ್ಮಗ ಕೊಡ್ಲಿ ಬೀಸ್ದ. ಹೆಣದ ಮುಂದ ಎಲ್ಲಾರ ಕೈಯಾಗ ಬೀರಪ್ಪನ ಅರಿಶಿಣ ಭಂಡಾರ ಕೊಟ್ಟು ಆಣಿ ಮಾಡ್ಸ್ಯಾರ. ಈ ಹಟ್ಟಿಯವರು ಯಾರೂ ಬೆರಳಿಗಿ ಮಸಿ ಹಚ್ಚಿಸ್ಕೋಬಾರದು. ಕುರ್ಚಿ ಮ್ಯಾಲ ಯಾರು ಕೂಡಬೇಕೋ ಬೀರಪ್ಪ ನೋಡ್ಕೋತಾನ. ಮಸಿ ಹತ್ತಿದ ಕೈಗಿ ಸಾಯತನಕ ಭಂಡಾರ ಇಲ್ಲ. ಅದಕ್ಕೇ ನೋಡ್ರಿ, ಓಟು ಕೇಳಾಕೂ ನಮ್ಮ ಕಡಿ ಯಾರೂ ಬರಂಗಿಲ್ಲ. ನಾ ಹುಟ್ಟಿದ್ದೂ ಇದೇ ಹಟ್ಟ್ಯಾಗ, ಕೊಟ್ಟಿದ್ದೂ ಇದೇ ಹಟ್ಟಿಗಿ. ಓಟಿನ ಮಾತೇ ನಮ್ಮ ಮನ್ಯಾಗ ಎತ್ತಂಗಿಲ್ಲ. ಇವತ್ತೂ ಎಲ್ಲಾರೂ ಮುಂಜಾನೇನೇ ಕುರಿ ಹೊಡಕೊಂಡು ಬೀರಪ್ಪನ ಕಲ್ಲಿನ ಕಡಿ ಹೋಗ್ಯಾರ. ನನ್ನ ಗಂಡ ಪೀರಪ್ಪನೂ ಹೋಗ್ಯಾನ.

ನಾನಾ? ನಾ ಯಾಕ ಹೋಗಿಲ್ಲಂದ್ರ... ಬೆರಳು ಕೊಯ್ಕೊಂಡೀನಿ. ಕುಡಗೋಲು ಹತ್ತ್ಯದ. ಅದೇನು ಅಷ್ಟು ನೋಡ್ತೀರಿ? ಅರಿವಿ ಕಟ್ಟೀನಿ, ಆತು. ನೀವು ಬರೀರಿ.

ಬಿಡು ಅಂತೀರಾ? ಹ್ಯಾಂಗ ಬಿಡ್ಲಿ! ಹೋದ ಬ್ಯಾಸಿಗಿ ಮರ್ತೀರೇನು? ಕೆರಿ ಅಂಗಳ ಊರಿಂದು. ಅದಕ್ಕ ಆ ಅಮರನಾಥ ತಂತಿ ಬೇಲಿ ಹಾಕ್ದ. ನಮ್ಮ ಕುರಿ ನುಸುಳ್ಯಾವ ಅಂತ ಮೂರು ದಿನ ತಗಡಿನ ಶೆಡ್ಡಿನಾಗ ಕೂಡಿ ಹಾಕ್ದ. ಆ ಬಿಸಿಲು, ಆ ತಗಡು! ಹನಿ ನೀರಿಲ್ಲ. ಹನ್ನೊಂದು ಸತ್ತು, ಅಕ್ಕಾರ. ಹನ್ನೊಂದೂ ಗಬ್ಬದವು. ಒದರೋದು ಇಲ್ಲೀತನಕ ಕೇಳ್ತಿತ್ತು. ಪೀರಪ್ಪ ಗೇಟಿನ ಮುಂದ ರುಮಾಲ ಬಿಚ್ಚಿ ಅವನ ಕಾಲಿಗಿ ಇಟ್ಟ. ಅವ ಏನು ಮಾಡ್ದ? ಆ ರುಮಾಲಿಗಿ ಚಪ್ಪಲಿ ಒರಿಸ್ದ! ನಕ್ಕೋತ, ಒಂದು ಕಾಲು ಆತು, ಇನ್ನೊಂದು ಕಾಲು... ಅವತ್ತಿನಿಂದ ನನ್ನ ಗಂಡ ತೆಲಿಗಿ ರುಮಾಲ ಸುತ್ತಿಲ್ಲ. ಬರೇ ತೆಲೀಲೆ ಬಿಸಿಲಾಗ ತಿರುಗ್ತಾನ. ಈಗ ಸರಪಂಚ ಆದ್ರ ಉಳಿದ ಅಂಗಳಕ್ಕೂ ಬೇಲಿ ಹಾಕ್ತೀನಿ ಅಂತ ಚಾವಡಿ ಮುಂದ ನಿಂತು ಹೇಳ್ಯಾನ. ಮೇವು ಹೋದ್ರ ಕುರಿ ಎಲ್ಲಿ, ನಾವೆಲ್ಲಿ?

ಅವನ ಮಾರಿ ಮಣ್ಣಾಗೋದು ನೋಡಬೇಕಿತ್ತು ನನಗ. ಇವತ್ತೇ ನೋಡಬೇಕಿತ್ತು! ಟ್ರಂಕಿನ ಮ್ಯಾಲ ನೋಡ್ರಿ, ಹೊಸಾ ರುಮಾಲ. ಕೆಂಪಂದು, ಜಹೀರಾಬಾದಿಗಿ ಹೋಗಿ ತಂದೀನಿ. ಸಂಜಿಗಿ ಪೀರಪ್ಪ ಬಂದ ಕೂಡ್ಲೇ 'ಅವ ಬಿದ್ದ, ನೀ ಸುತ್ಕೋ' ಅಂತ ನನ್ನ ಕೈಲೇ...

ಏನಂದ್ರಿ? ಬೀಳ್ತಾನಂತ ನನಗ ಹ್ಯಾಂಗ ಗೊತ್ತಿತ್ತು? ಗೊತ್ತಿತ್ತು... ಅಷ್ಟೇ. ಹಂಗ ನೋಡಬ್ಯಾಡ್ರಿ. ಏ, ಎದ್ದೇಳಬ್ಯಾಡ್ರಿ! ಕಾರಣ ಬರೀದಿದ್ರ ಅರ್ಜಿ ನಡೆಯಂಗಿಲ್ಲಾ? ಹಂಗಾರ... ಆ ಕದ ಮುಂದ ಮಾಡ್ರಿ. ಹಟ್ಟ್ಯಾಗ ಯಾರಿಗೂ ಹೇಳಂಗಿಲ್ಲ ಅನ್ರಿ ಮೊದಲು.

ನೋಡ್ರಿ. ಬಿಚ್ಚಿದೆ. ಎಲ್ಲದ ಗಾಯ? ಮಸಿ. ಹೌದು, ಹಾಕೀನಿ! ಭಂಡಾರದ ಆಣಿ ಮುರಿದೀನಿ! ಬೀರಪ್ಪ ನೋಡ್ಕೋತಾನ, ನೋಡ್ಕೋತಾನ... ಹನ್ನೊಂದು ಕುರಿ ನಾಲಿಗಿ ಚಾಚಿ ಬಿದ್ದಾಗ ಎಲ್ಲಿ ನೋಡ್ದ? ನಾನೇ ನೋಡ್ಕೊಂಡೆ. ಇವತ್ತಲ್ಲ ನಾಳಿ ಗಂಡಗ ಗೊತ್ತಾಗತದ. ಹಟ್ಟಿಯವರು ಹೊರಗ ಹಾಕ್ತಾರ. ಹಾಕಲಿ. ಅವ ಬಿದ್ದಿದ್ರ ಸಾಕಿತ್ತು ನನಗ, ಹೊರಗ ನಿಂತೇ ನಗ್ತಿದ್ದೆ.

ನೀವು ಸಾಲೀ ಬಾಗಲ ಬಿಟ್ಟು ನೀರು ತರಾಕ ಬೋರಿನ ಕಡಿ ಹೋದಾಗ ಬಂದಿದ್ದೆ, ಸೆರಗು ಎಳಕೊಂಡು. ಇಬ್ರೂ ಏಜೆಂಟರು ನನ್ನ ನೋಡಿ ನಕ್ರು, ಇಬ್ರಿಗೂ ತಮ್ದೇ ಓಟಂತ ಖುಷಿ. ಸಾಹೇಬ ಕಾಗದ ಕೊಟ್ಟ, 'ಶಿಕ್ಕಾ ಒತ್ತಿ ಮಡಚಿ ಡಬ್ಬ್ಯಾಗ ಹಾಕಮ್ಮ' ಅಂದ. ಮತ್ತೇನು ಕೇಳೋದದ? ಕೇಳಿದ್ರ ಊರಿಗೆಲ್ಲಾ ಗುಲ್ಲು. ಹುಟ್ಟಿದಾಗಿಂದ ಕುರಿಗಿ ಗುರ್ತು ಹಾಕಾಕಿ ನಾ, ಇದನ್ನ ಕಲಿಸಬೇಕೇನು?

ಬರೀರಿ ಈಗ. ಕಾಗದದಾಗ ಎರಡೇ ಚಿತ್ರ ಇದ್ದು. ಅಮರನಾಥನ ಎದುರು ನಿಂತ ಶಾಂತಪ್ಪಂದು ಕತ್ತರಿ. ಕುರಿ ಉಣ್ಣೆ ಕತ್ತರಿಸೋ ಕತ್ತರಿ, ನಮ್ಮ ಕೈಯಾಗಿಂದು. ಅದಕ್ಕ ಒಂದು ಹನಿ ಬಣ್ಣ ತಾಗಗೊಟ್ಟಿಲ್ಲ. ಅಮರನಾಥಂದು ಉಂಗುರ. ಅದರ ಮ್ಯಾಲ ಒತ್ತೀನಿ ನೋಡ್ರಿ, ಹಲ್ಲು ಕಚ್ಚಿ, ನಟ್ಟನಡು! ಕಟುಕರಿಗಿ ಕೊಡೋ ಕುರಿ ಬೆನ್ನಿಗಿ ಹ್ಯಾಂಗ ಬಣ್ಣ ಬಡೀತೀವಿ, ಹಂಗ. ಬಣ್ಣ ಬಿದ್ದ ಕುರಿ ಎಂದರ ಹಟ್ಟಿಗಿ ತಿರುಗಿ ಬಂದದೇನು? ಹಾಂ, ಹಂಗೇ ಬರೀರಿ: ಮೋನಮ್ಮ ತನ್ನ ಕೈಲೇ ಉಂಗುರಕ್ಕ ಗುರ್ತು ಹಾಕ್ಯಾಳ, ಆದ್ರೂ ಅವ ಹ್ಯಾಂಗ ಗೆದ್ದ ಅಂತ...

ಪೆನ್ನು ಯಾಕ ನಿಂತು?

ಅಕ್ಕಾರ... ಬರೀರಿ. ಒತ್ತಿದ್ದು ಬರೋಬ್ಬರಿ ಅದನಿಲ್ಲ? ತೆಗೀಬೇಕಾದವರ ಮ್ಯಾಲೇ ಒತ್ತೋದಲ್ಲ ಮತ್ತ? ನೀವು ಇಷ್ಟು ವರ್ಷ ಹಾಕೀರಿ, ಹೇಳ್ರಿ. ನೀವು ಯಾರ ಮ್ಯಾಲ ಒತ್ತತೀರಿ? ಬ್ಯಾಡಾದವರ ಮ್ಯಾಲೇ ಹೌದಿಲ್ಲ?... ಮತ್ತ... ಬೇಕಾದವರ ಮ್ಯಾಲಾ?

ಅಯ್ಯಯ್ಯೋ! ಹೌದಂತ ಗೋಣು ಹಾಕ್ತೀರಲ್ಲ! ಬಾಯಿ ಬಿಟ್ಟು ಬೈರಿ ನನಗ!

ಒಂದೇ ಓಟು ಅಂದ್ರಿ. ಒಂದೇ... ನಾ ಮನ್ಯಾಗ ಕುಂತಿದ್ರ ಇಬ್ರೂ ಸಮ. ಆಣಿನೂ ಉಳೀತಿತ್ತು.

ಆ ಕಾಗದ ಹರೀರಿ. ಹಲಗಿ ಬಡಿಯೋದು ಈ ಕಡಿಗೇ ಬರಲತ್ತದ, ಅವಂದೇ ಮೆರವಣಿಗಿ... ತಡೀರಿ, ಕುರಿ ಗಂಟಿನೂ ಕೇಳಲತ್ತದ. ಪೀರಪ್ಪ ಬಂದ. ಅಕ್ಕಾರ, ಆ ರುಮಾಲ ಟ್ರಂಕಿನಾಗ ಇಡ್ರಿ. ಜಲ್ದಿ. ನೀವೇ ಇಡ್ರಿ, ನನ್ನ ಕೈ ಹಚ್ಚಂಗಿಲ್ಲ ನಾ.